ಬೆಳಗಾವಿಯನ್ನು ನೋಡದೆಯೇ ಓದಿ ಮುಗಿಸುವ ವಿಶ್ವವಿದ್ಯಾಲಯ

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು, ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ.

ವೇದಿಕೆ ಹತ್ತುವ ಮೊದಲು ಹೊರಗೆ ಹೊಂಗೆಮರದ ಕೆಳಗೆ ಕಾಫಿ ಕುಡಿಯುತ್ತ ನಿಂತಿದ್ದೆ. ಒಬ್ಬ ಹಿರಿಯರು ಪಕ್ಕಕ್ಕೆ ಬಂದರು. ಅವರ ಮಗಳು ಇಲ್ಲಿಯೇ ದ್ವಿತೀಯ ಪಿಯುಸಿಯಲ್ಲಿದ್ದಾಳೆ. "ಸ್ವಾಮಿ, ವಿಟಿಯು ಬೆಳಗಾವಿಯಲ್ಲಿದೆಯಂತೆ. ಹೆಣ್ಣುಮಗುವನ್ನು ಅಷ್ಟು ದೂರ ಹೇಗೆ ಕಳುಹಿಸುವುದು?" ಎಂದು ಕೇಳಿದರು. ನಾನು ಒಂದು ಭಾಷಣ ಬರೆದುಕೊಂಡು ಬಂದಿದ್ದೆ. ಅದನ್ನು ಜೇಬಿನಲ್ಲೇ ಬಿಟ್ಟು ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಯಜಮಾನರೇ, ಕಳುಹಿಸಬೇಕಾಗಿಲ್ಲ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ. ನಿಮ್ಮ ಮಗಳು ಹಾಸನದಲ್ಲಿ ಓದಬಹುದು, ತುಮಕೂರಿನಲ್ಲಿ ಓದಬಹುದು, ಬೀದರಿನಲ್ಲೂ ಓದಬಹುದು. ಅಲ್ಲಿಯೇ ಪರೀಕ್ಷೆ ಬರೆದು, ಅಲ್ಲಿಯೇ ಪಾಸಾಗಿ, ಬೆಳಗಾವಿಯ ಮುದ್ರೆ ಬಿದ್ದ ಪದವಿಪತ್ರ ಪಡೆಯಬಹುದು. ನಾನು 22 ವರ್ಷ ಈ ವಿಶ್ವವಿದ್ಯಾಲಯದ ಮಕ್ಕಳಿಗೆ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ಮಂದಿ ಬೆಳಗಾವಿಯ ಕುಂದಾ ತಿಂದಿರಬಹುದೇ ಹೊರತು ಖಾನಾಪುರ ರಸ್ತೆಯಲ್ಲಿ ಮಚ್ಛೆಯ ಹತ್ತಿರವಿರುವ 'ಜ್ಞಾನ ಸಂಗಮ' ಆವರಣವನ್ನು ಕಂಡವರಲ್ಲ. ನಾನೇ ಅಲ್ಲಿಗೆ ಮೊದಲ ಸಲ ಹೋದದ್ದು ಪಾಠ ಶುರು ಮಾಡಿ ಎಷ್ಟೋ ವರ್ಷಗಳಾದ ಮೇಲೆ, ಪರೀಕ್ಷಾ ಮಂಡಳಿಯ ಸಭೆಗೆಂದು. ಜುಲೈ ತಿಂಗಳ ಮಳೆ. ಕೊಡೆ ಹಿಡಿದು ನಿಂತು ನೋಡಿದೆ: ಇಷ್ಟು ವರ್ಷ ನನ್ನ ಸಂಬಳದ ದುಡಿಮೆಯನ್ನೆಲ್ಲ ಅಳೆದು ತೂಗಿದ ಸಂಸ್ಥೆ ಇದೇ ಏನು ಎನ್ನಿಸಿತು. ಎತ್ತರದ ಕಟ್ಟಡ, ಅಗಲ ರಸ್ತೆ, ಹಸಿರು. ಹುಡುಗರು ಮಾತ್ರ ಕಡಿಮೆ. ಹುಡುಗರೆಲ್ಲ ಇರುವುದು ರಾಜ್ಯದುದ್ದಕ್ಕೂ ಹರಡಿಕೊಂಡ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ.

ಇಂಥ ವಿಶ್ವವಿದ್ಯಾಲಯ ಏಕೆ ಹುಟ್ಟಿತು ಎಂದು ತಿಳಿಯಬೇಕಾದರೆ ಅದಕ್ಕೆ ಮುಂಚಿನ ಕಾಲವನ್ನು ನೋಡಬೇಕು. ನಾನು ಕೆಲಸಕ್ಕೆ ಸೇರಿದ್ದು 1987ರಲ್ಲಿ. ಆಗ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಗೆ ತಮ್ಮದೆಂದು ಹೇಳಿಕೊಳ್ಳುವ ಒಂದು ವಿಶ್ವವಿದ್ಯಾಲಯವಿರಲಿಲ್ಲ. ಮೈಸೂರು, ಹಾಸನ, ಮಂಡ್ಯದ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಕೆಳಗೆ. ಹುಬ್ಬಳ್ಳಿ, ಬಾಗಲಕೋಟೆಯವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ. ಕರಾವಳಿಯವು ಮಂಗಳೂರಿಗೆ, ಕಲ್ಯಾಣದ ಕಡೆಯವು ಗುಲ್ಬರ್ಗಕ್ಕೆ, ತುಮಕೂರು ಬೆಂಗಳೂರಿಗೆ. ಮುಂದೆ ದಾವಣಗೆರೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು. ಒಂದೇ 'ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್' ವಿಷಯಕ್ಕೆ ಆರು ಪಠ್ಯಕ್ರಮ, ಆರು ವೇಳಾಪಟ್ಟಿ, ಆರು ಬಗೆಯ ಅಂಕಗಾರಿಕೆ. ಕೆಲಸ ಕೊಡಲು ಬಂದ ಕಂಪನಿಯವರು ಒಬ್ಬನ ಶೇಕಡ 62ನ್ನೂ ಇನ್ನೊಬ್ಬನ ಶೇಕಡ 74ನ್ನೂ ಪಕ್ಕಪಕ್ಕ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಬಿಗಿ ಕೈಯಿನ ವಿಶ್ವವಿದ್ಯಾಲಯದ ಹುಡುಗ ಬುದ್ಧಿವಂತನಾಗಿದ್ದೂ ಹಿಂದೆ ಬೀಳುತ್ತಿದ್ದ.

ಅಂಥದರಲ್ಲಿ 1994ರಲ್ಲಿ ವಿಧಾನಮಂಡಲವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಯ್ದೆಯನ್ನು ಮಾಡಿತು. ಆ ಕಾಲದ ಗಾಳಿಯನ್ನೂ ಸ್ವಲ್ಪ ನೆನೆಯಬೇಕು. ಸೀಟಿಗೆ ಹಣ ವಸೂಲಿ ಮಾಡುವ ವಂತಿಗೆ ಹಾವಳಿಗೆ ನಮ್ಮ ರಾಜ್ಯ ಹೆಸರುವಾಸಿಯಾಗಿತ್ತು. 1984ರಲ್ಲೇ ವಂತಿಗೆ ನಿಷೇಧದ ಕಾಯ್ದೆ ಬಂದಿತ್ತು. 1992ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ, ಮೋಹಿನಿ ಜೈನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ವಂತಿಗೆಯನ್ನು ತಳ್ಳಿಹಾಕಿತ್ತು. ಮರುವರ್ಷ, ಖಾಸಗಿ ವೃತ್ತಿಪರ ಕಾಲೇಜುಗಳ ಪ್ರವೇಶ ಮತ್ತು ಶುಲ್ಕದ ಬಗ್ಗೆ ಅದೇ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಬಂತು. 1994ರಲ್ಲಿ ಸಿಇಟಿ ಶುರುವಾಯಿತು. ಒಳಬರುವ ಬಾಗಿಲಿಗೆ ಸಿಇಟಿ ಎಂಬ ಒಂದು ಅಳತೆ ಬಂದ ಮೇಲೆ ಹೊರಹೋಗುವ ಬಾಗಿಲಿಗೂ ಒಂದೇ ಅಳತೆ ಬೇಕೆನ್ನಿಸುವುದು ಸಹಜ. ಆಂಧ್ರದಲ್ಲಿ 1972ರಲ್ಲೇ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯ, ತಮಿಳುನಾಡಿನಲ್ಲಿ 1978ರಲ್ಲಿ ಅಣ್ಣಾ ವಿಶ್ವವಿದ್ಯಾಲಯ ಆಗಿಹೋಗಿದ್ದವು. ನಾವು ತಡ. ಕಾಯ್ದೆಯಾದ ಮೇಲೂ ನಾಲ್ಕು ವರ್ಷ ಕಡತದಲ್ಲೇ ಮಲಗಿದ್ದು, ಕೊನೆಗೆ 1998ರ ಏಪ್ರಿಲ್ 1ರಂದು ವಿಶ್ವವಿದ್ಯಾಲಯ ಕಣ್ಣು ಬಿಟ್ಟಿತು. ಏಪ್ರಿಲ್ ಒಂದನೇ ತಾರೀಖು ನೋಡಿ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು.

ಬೆಳಗಾವಿಯೇ ಏಕೆ? ಬೆಂಗಳೂರಿನಲ್ಲಿ ಇದ್ದಿದ್ದರೆ ಅನುಕೂಲವಾಗುತ್ತಿತ್ತು ಎಂದು ನನ್ನ ಎಷ್ಟೋ ಸಹೋದ್ಯೋಗಿಗಳು ಗೊಣಗಿದ್ದಾರೆ. ಒಂದು ಸಹಿಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತವರ ಗೊಣಗಾಟ ಅದು, ಸುಳ್ಳೇನಲ್ಲ. ಅದಕ್ಕೆಂದೇ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಪ್ರಾದೇಶಿಕ ಕಚೇರಿಗಳು ಬಂದವು. ಆದರೆ ಎಲ್ಲವನ್ನೂ ಬೆಂಗಳೂರಿನಲ್ಲೇ ಗುಡ್ಡೆ ಹಾಕುತ್ತ ಹೋದರೆ ಗಡಿನಾಡಿಗೆ ಉಳಿಯುವುದು ಬರಿಯ ಭಾಷಣ. ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ. ಅದಕ್ಕೂ 14 ವರ್ಷ ಮೊದಲೇ ರಾಜ್ಯದ ಎಂಜಿನಿಯರುಗಳ ವಿಶ್ವವಿದ್ಯಾಲಯ ಬೆಳಗಾವಿಯದಾಯಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಇನ್ನೊಂದು ಮಾತೂ ಉಂಟು. ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯನವರಿಗೆ ಎಂಜಿನಿಯರಿಂಗ್ ಓದಲು ಆಗ ಮೈಸೂರು ಸೀಮೆಯಲ್ಲಿ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು. 1884ರಲ್ಲಿ ಕೆಲಸಕ್ಕೆ ಸೇರಿದ್ದು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ. ಬೆಳಗಾವಿ ಆಗ ಅದೇ ಪ್ರಾಂತ್ಯದ ಜಿಲ್ಲೆ.

ಆ ಕೊರತೆ ನೀಗಿದ್ದು ಅವರೇ ದಿವಾನರಾಗಿದ್ದಾಗ. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಅದೇ ಇಂದಿನ ಯುವಿಸಿಇ. ತಮಾಷೆ ಏನೆಂದರೆ, ವಿಶ್ವೇಶ್ವರಯ್ಯನವರು ಕಟ್ಟಿದ ಆ ಕಾಲೇಜು ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಕೊನೆಗೂ ಸೇರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಉಳಿದು, ಈಚೆಗೆ ತನ್ನದೇ ಕಾಯ್ದೆಯಿಂದ ತಾನೇ ವಿಶ್ವವಿದ್ಯಾಲಯವಾಯಿತು. ಕೆ.ಆರ್. ವೃತ್ತದಲ್ಲಿ ಒಮ್ಮೆ ನಿಂತು ನೋಡಿ: ಒಂದು ಕಡೆ ಯುವಿಸಿಇ, ಅಲ್ಲೇ ನೆರೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿನ ತಾಂತ್ರಿಕ ಸಂಸ್ಥೆ. ಎರಡನೆಯದು ವಿಟಿಯುವಿನದು, ಮೊದಲನೆಯದು ಅಲ್ಲ. ದಾವಣಗೆರೆಯ ಯುಬಿಡಿಟಿ ಕಾಲೇಜಿನ ಕಥೆ ಇದಕ್ಕೆ ತಿರುಗುಮುರುಗು. 1951ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಿಂದ ಕುವೆಂಪು ವಿಶ್ವವಿದ್ಯಾಲಯಕ್ಕೆ ಬಂದು, 2011ರಲ್ಲಿ ವಿಟಿಯುವಿನ ಸ್ವಂತ ಘಟಕ ಕಾಲೇಜಾಯಿತು.

ವಿಟಿಯು ನಿಜವಾಗಿ ಇರುವುದು ಎಲ್ಲಿ ಎಂದು ನನ್ನನ್ನು ಕೇಳಿದರೆ ಹತ್ತು ಅಕ್ಷರಗಳಲ್ಲಿ ಎನ್ನುತ್ತೇನೆ. ಅದನ್ನು ಯುಎಸ್‌ಎನ್ ಎನ್ನುತ್ತಾರೆ. ಯೂನಿವರ್ಸಿಟಿ ಸೀಟ್ ನಂಬರ್ ಎಂಬುದರ ಚುಟುಕು ಅದು. ಸೇರಿದ ವರ್ಷ ಸಿಗುವ ಈ ಸಂಖ್ಯೆ ಹುಡುಗನ ಹೆಸರಿಗಿಂತ ಗಟ್ಟಿ. ಮೊದಲ ಅಂಕಿ ವಲಯ: 1 ಎಂದರೆ ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ವಿಭಾಗದ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. '4 ಎಂಸಿ' ಎಂದರೆ ಹಾಸನದ ಮಲೆನಾಡು ಕಾಲೇಜು, '2 ಬಿಎ' ಎಂದರೆ ಬಾಗಲಕೋಟೆಯ ಬಸವೇಶ್ವರ ಕಾಲೇಜು, '1 ಎಸ್‌ಐ' ಎಂದರೆ ತುಮಕೂರಿನ ಸಿದ್ಧಗಂಗಾ. ಮದುವೆಮನೆಯಲ್ಲಿ ಇಬ್ಬರು ಎಂಜಿನಿಯರುಗಳು ಸಿಕ್ಕರೆ ಗೋತ್ರ ಕೇಳುವ ಹಾಗೆ ಇದನ್ನು ಕೇಳಿಕೊಳ್ಳುವುದನ್ನು ಕಂಡಿದ್ದೇನೆ.

1998ರ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಒಂದೇ ಓಣಿಯಲ್ಲಿ ಎರಡು ಲೋಕಗಳಿದ್ದವು. ಎರಡನೆಯ ವರ್ಷದಿಂದ ಮೇಲಿನವರೆಲ್ಲ ಹಳೆಯ ವಿಶ್ವವಿದ್ಯಾಲಯದವರು. ಮೊದಲ ವರ್ಷದವರು ಮಾತ್ರ ವಿಟಿಯು. ಹೆಗಲಿಗೆ ಡ್ರಾಯಿಂಗ್ ಬೋರ್ಡ್, ಕಂಕುಳಲ್ಲಿ ಮಿನಿ ಡ್ರಾಫ್ಟರ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕಂಡಕ್ಟರನ ಬೈಗುಳ ತಿನ್ನುತ್ತ ಬರುತ್ತಿದ್ದ ಆ ಮಕ್ಕಳಿಗೆ ಪಠ್ಯಕ್ರಮದ ಪ್ರತಿ ನಮಗಿಂತ ಮೊದಲು ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿತ್ತು! ಮುಂದೆ ಅದೇ ಡ್ರಾಯಿಂಗ್ ಕಂಪ್ಯೂಟರಿಗೆ ಹೋಯಿತು. ಬೋರ್ಡುಗಳನ್ನು ನಾವು ಉಗ್ರಾಣದಲ್ಲಿ ಪೇರಿಸಿಟ್ಟೆವು. ಅಳಿಸಿ ಅಳಿಸಿ ಹಾಳೆ ತೂತಾಗುತ್ತಿದ್ದ ಕಾಲವನ್ನು ಹೊಗಳಲು ನಾನು ಬಂದಿಲ್ಲ. ಆದರೆ ಒಂದು ಶಂಕುವನ್ನು ಓರೆಯಾಗಿ ಕೊಯ್ದರೆ ಯಾವ ಆಕಾರ ಬರುತ್ತದೆ ಎನ್ನುವುದು ಆ ಮಕ್ಕಳಿಗೆ ಬೆರಳ ತುದಿಯಲ್ಲಿತ್ತು.

ಏನೇನು ಓದಿಸುತ್ತಾರೆ ಎಂಬ ಮಾತಿಗೆ ಬರುತ್ತೇನೆ. ಬಿ.ಇ. ಎಂಬುದು ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಡಿಪ್ಲೊಮಾ ಮುಗಿಸಿದವರು ನೇರ ಮೂರನೆಯ ಸೆಮಿಸ್ಟರಿಗೆ ಬರುತ್ತಾರೆ. ಇದರ ಜೊತೆಗೆ ಬಿ.ಆರ್ಕ್., ಎಂ.ಟೆಕ್., ಎಂಬಿಎ, ಎಂಸಿಎ, ಸಂಶೋಧನೆಯ ಪದವಿಗಳು. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ವಿಶ್ವವಿದ್ಯಾಲಯದ್ದೇ ಸ್ನಾತಕೋತ್ತರ ಕೇಂದ್ರವಿದೆ. ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್, ಸಿವಿಲ್, ಮೆಕ್ಯಾನಿಕಲ್ ಇವೆಲ್ಲ ನಿಮಗೆ ಗೊತ್ತು. ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ಅವುಗಳ ಬಗ್ಗೆ ಹೇಳಲು ನಿಮ್ಮ ಮೊಬೈಲ್ ಸಾಕು.

ಯಾರೂ ಕೇಳದ ಕೆಲವನ್ನು ನಾನು ಹೇಳುತ್ತೇನೆ. ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನ ಎಂಬ ವಿಭಾಗವಿತ್ತು. ಏಕೆ ಅಲ್ಲಿ? ಶಹಾಬಾದ್, ವಾಡಿ ಕಡೆಗೆ ರೈಲಿನಲ್ಲಿ ಹೋದವರಿಗೆ ಗೊತ್ತು, ನೆಲವೇ ಸುಣ್ಣಕಲ್ಲು, ಆಕಾಶವೇ ಸಿಮೆಂಟಿನ ದೂಳು. ಕೆ.ಆರ್. ವೃತ್ತದ ಆ ಬೆಳ್ಳಿಹಬ್ಬದ ಸಂಸ್ಥೆಯಲ್ಲಿ ಜವಳಿ ತಂತ್ರಜ್ಞಾನದ ಜೊತೆಗೆ ರೇಷ್ಮೆ ತಂತ್ರಜ್ಞಾನ. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಅಲ್ಲಿಂದ ಎಷ್ಟು ದೂರ? ಕೋಲಾರ ಚಿನ್ನದ ಗಣಿಯ ಊರಿನ ಕಾಲೇಜಿನಲ್ಲಿ ಗಣಿ ಎಂಜಿನಿಯರಿಂಗ್. ಗಣಿಯೇ 2001ರಲ್ಲಿ ಮುಚ್ಚಿತು, ವಿಷಯ ಮಾತ್ರ ಉಳಿಯಿತು. ಇವೆಲ್ಲ ಮಣ್ಣಿನಿಂದ ಎದ್ದ ಓದುಗಳು. ಇಂಥ ವಿಭಾಗಗಳಿಗೆ ಅರ್ಜಿ ಕಡಿಮೆ ಎಂದು ಒಂದೊಂದಾಗಿ ಕಂಪ್ಯೂಟರ್ ಸೀಟುಗಳಿಗೆ ಜಾಗ ಬಿಡುತ್ತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಿಮೆಂಟು ಸುಡುವ ಗೂಡನ್ನು ಅರಿತ ಹುಡುಗ ಕಲಬುರಗಿಯಲ್ಲೇ ದುಡಿಯಬಲ್ಲ. ಕೋಡ್ ಬರೆಯುವವನು ಬೆಂಗಳೂರಿಗೆ ರೈಲು ಹತ್ತಲೇಬೇಕು.

ವಿಟಿಯುವಿನ ಮಕ್ಕಳು ಕಾಲವನ್ನು ಎಣಿಸುವುದು ಸ್ಕೀಮಿನಲ್ಲಿ, ಅಂದರೆ ಆಯಾ ವರ್ಷ ಸೇರಿದವರಿಗೆ ಅನ್ವಯಿಸುವ ಪಠ್ಯಕ್ರಮ ಮತ್ತು ಅಂಕಪದ್ಧತಿಯಲ್ಲಿ. 2002ರ ಸ್ಕೀಮು, 2006ರದು, 2010ರದು, 2015ರ ಸಿಬಿಸಿಎಸ್ ಎಂಬ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ, ಆಮೇಲೆ 17, 18, 21, 22. ವಿಷಯದ ಸಂಕೇತದ ಮೊದಲೆರಡು ಅಂಕಿ ನೋಡಿಯೇ ಇವನು ಯಾವ ಕಾಲದವನು ಎಂದು ಹೇಳಿಬಿಡುತ್ತಿದ್ದೆವು. ಮೊದಲು ಕಾಲೇಜೇ ಮಾಡುವ ಒಳಮೌಲ್ಯಮಾಪನಕ್ಕೆ 25, ವಿಶ್ವವಿದ್ಯಾಲಯದ ಪರೀಕ್ಷೆಗೆ 100 ಅಂಕ. 2015ರಲ್ಲಿ 20 ಮತ್ತು 80. ಆಮೇಲೆ 40 ಮತ್ತು 60. ಈಗ ಸರಿಸಮ, 50 ಮತ್ತು 50. ಈ ಅಂಕಿಗಳ ಹಿಂದೆ ಒಂದು ಕಥೆಯಿದೆ. ಪರೀಕ್ಷೆಯ ಮೇಲೆ ವಿಶ್ವವಿದ್ಯಾಲಯದ ಹಿಡಿತ ಮೆಲ್ಲಗೆ ಸಡಿಲಿ ಕಾಲೇಜಿನ ಕೈಗೆ ಹೋಗುತ್ತಿದೆ. ಒಳ್ಳೆಯ ಮೇಷ್ಟರಿರುವ ಕಡೆ ಇದು ವರ. ಕೇಳಿದವರಿಗೆಲ್ಲ 48 ಹಾಕಿ ಕಳುಹಿಸುವ ಕಾಲೇಜಿನಲ್ಲಿ ಏನು ಎಂದು ನೀವೇ ಊಹಿಸಿ. ಆರು ಅಳತೆಗೋಲು ತೆಗೆದು ಒಂದು ಮಾಡಿದೆವು. ಈಗ ಆ ಒಂದರ ಅರ್ಧಭಾಗವನ್ನು ಮುರಿದು ಇನ್ನೂರು ಕಾಲೇಜುಗಳಿಗೆ ಹಂಚಿದ್ದೇವೆ. ಮೊದಲ ವರ್ಷದ ಪಾಠವೂ ಹಾಗೆಯೇ. ಮುಂಚೆ ರಾಜ್ಯದ ಎಲ್ಲರಿಗೂ ಒಂದೇ. ಅರ್ಧ ತರಗತಿ ಫಿಸಿಕ್ಸ್ ಸೈಕಲ್, ಅರ್ಧ ಕೆಮಿಸ್ಟ್ರಿ ಸೈಕಲ್, ಮುಂದಿನ ಸೆಮಿಸ್ಟರಿಗೆ ಅದಲುಬದಲು. 2022ರ ಸ್ಕೀಮಿನಲ್ಲಿ ಸಿವಿಲ್ಲಿನವರ ಗಣಿತವೇ ಬೇರೆ, ಕಂಪ್ಯೂಟರಿನವರ ಗಣಿತವೇ ಬೇರೆ. 2018ರ ಸ್ಕೀಮಿನಲ್ಲಿ ಪದವಿಗೆ 175 ಕ್ರೆಡಿಟ್ ಬೇಕಿತ್ತು, 2022ರದರಲ್ಲಿ 160. ಓದು ಹಗುರವಾಯಿತೆಂದು ಹಿಗ್ಗಬೇಡಿ, ಇಂಟರ್ನ್‌ಶಿಪ್ ಮತ್ತು ಪಾಠದ ಹೊರಗಿನ ಕೆಲಸಗಳಿಂದ ಗಳಿಸಬೇಕಾದ ನೂರು ಚಟುವಟಿಕೆ ಅಂಕಗಳು ಕಾದಿವೆ.

ಒಂದು ಸಾಹಸವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. 2004ರ ಸೆಪ್ಟೆಂಬರಿನಲ್ಲಿ ಇಸ್ರೋ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿತು. ಪಾಠ ಹೇಳುವುದಕ್ಕೆಂದೇ ಮಾಡಿದ ಉಪಗ್ರಹ. ಅದಕ್ಕೆ ಮೊದಲು ಬೇರೊಂದು ಉಪಗ್ರಹದ ಮೂಲಕ ಪ್ರಯೋಗ ನಡೆಸಲು ಆಯ್ದ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ವಿಟಿಯು ಒಂದು. ಮೈಸೂರಿನ ಸ್ಟುಡಿಯೋದಲ್ಲಿ ಒಬ್ಬ ಒಳ್ಳೆಯ ಮೇಷ್ಟರು ಕಪ್ಪುಹಲಗೆಯ ಮುಂದೆ ನಿಂತರೆ ದೂರದ ಕಾಲೇಜಿನ ಕೊಠಡಿಯಲ್ಲಿ ಟಿ.ವಿ.ಯಲ್ಲಿ ಕಾಣುತ್ತಿದ್ದರು. ಮಳೆ ಬಂದರೆ ಚಿತ್ರ ಒಡೆದು ಹೋಗುತ್ತಿತ್ತು, ಮಕ್ಕಳು ಗಲಾಟೆ ಮಾಡುತ್ತಿದ್ದರು, ಅದೆಲ್ಲ ಇದ್ದದ್ದೇ. ಆದರೂ ಮೇಷ್ಟರಿಲ್ಲದ ಕಾಲೇಜಿಗೆ ಮೇಷ್ಟರನ್ನು ಆಕಾಶದಿಂದ ಇಳಿಸುವ ಯೋಚನೆ, ಯೂಟ್ಯೂಬ್ ಇನ್ನೂ ಹುಟ್ಟದ ಕಾಲದ್ದು, ನೆನಪಿಡಿ.

ಸಾರ್ವಜನಿಕ ವಿಶ್ವವಿದ್ಯಾಲಯ ಎಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವುದು ಎಂದು ನಿಮ್ಮಲ್ಲಿ ಹಲವರು ಅಂದುಕೊಂಡಿರುತ್ತೀರಿ. ನಾನೂ ಅಂದುಕೊಂಡಿದ್ದೆ. 2016ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಬಂತು. ಆದಾಯ ತೆರಿಗೆ ಇಲಾಖೆ ಮತ್ತು ವಿಟಿಯು ನಡುವಿನ ವ್ಯಾಜ್ಯ. ತೆರಿಗೆ ವಿನಾಯಿತಿ ಬೇಕಾದರೆ ಎರಡು ಷರತ್ತು: ಲಾಭದ ಉದ್ದೇಶವಿಲ್ಲದೆ ಶಿಕ್ಷಣಕ್ಕಾಗಿಯೇ ಇರಬೇಕು, ಮತ್ತು ಸರ್ಕಾರದ ಹಣದಿಂದಲೇ ಪೂರ್ತಿಯಾಗಿಯೋ ಬಹುಪಾಲೋ ನಡೆಯಬೇಕು. ಮೊದಲನೆಯದನ್ನು ನ್ಯಾಯಾಲಯ ಒಪ್ಪಿತು. ಎರಡನೆಯದರಲ್ಲಿ ವಿಟಿಯು ಸೋತಿತು. ಸರ್ಕಾರದಿಂದ ನೇರವಾಗಿ ಬಂದ ಅನುದಾನ ಶೇಕಡ ಒಂದರ ಆಸುಪಾಸು. 1999ರಿಂದ 2010ರವರೆಗೆ ಉಳಿತಾಯವಾಗಿದ್ದುದು ಸುಮಾರು 500 ಕೋಟಿ ರೂಪಾಯಿ. ಅದು ಬಂದದ್ದು ಎಲ್ಲಿಂದ? ಶುಲ್ಕಗಳಿಂದ. ಮರುಮೌಲ್ಯಮಾಪನಕ್ಕೆ ಕಟ್ಟಿದ್ದು, ಬಾಕಿ ವಿಷಯಕ್ಕೆ ಮತ್ತೆ ಕಟ್ಟಿದ್ದು ಎಲ್ಲವೂ ಶುಲ್ಕವೇ. ಅಂದರೆ ಸರ್ಕಾರ ಕೊಟ್ಟದ್ದು ಕಾಯ್ದೆ, ಹೆಸರು, ಕುಲಪತಿಗಳ ನೇಮಕ. ನಡೆಸಿದವರು ನಿಮ್ಮಂಥ ಅಪ್ಪ ಅಮ್ಮಂದಿರು. ಈ ಲೆಕ್ಕ ತಿಳಿದಿದ್ದರೆ ಫಲಿತಾಂಶ ತಡವಾದಾಗ ಕೇಳುವ ದನಿಯೇ ಬೇರೆಯಾಗುತ್ತದೆ. ಬೇಡುವ ದನಿ ಬೇಕಾಗಿಲ್ಲ.

ದೊಡ್ಡ ಕಾಲೇಜುಗಳು ಈ ಮನೆಯಿಂದ ಒಂದೊಂದಾಗಿ ಬೇರೆಯಾಗುತ್ತಿರುವುದನ್ನೂ ಹೇಳಬೇಕು. ಹುಬ್ಬಳ್ಳಿಯ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು, ಮೈಸೂರಿನ ಎಸ್‌ಜೆಸಿಇ ಮರುವರ್ಷ ಜೆಎಸ್‌ಎಸ್ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯವಾಯಿತು. ಉಳಿದ ಹಳೆಯ ಕಾಲೇಜುಗಳಲ್ಲಿ ಹಲವು ಸ್ವಾಯತ್ತ: ಪಠ್ಯ ಅವರದು, ಪರೀಕ್ಷೆ ಅವರದು, ಪದವಿ ಮಾತ್ರ ವಿಟಿಯುವಿನದು. ಹಿರಿಯ ಅಣ್ಣಂದಿರು ಭಾಗ ತೆಗೆದುಕೊಂಡು ಹೋದ ಮೇಲೆ ಕೂಡುಕುಟುಂಬದಲ್ಲಿ ಉಳಿದವರು ಸಣ್ಣ ಊರಿನ ಕಾಲೇಜುಗಳು. ನಿಮ್ಮ ಮಕ್ಕಳು ಹೆಚ್ಚಾಗಿ ಸೇರುವುದು ಅವುಗಳಿಗೇ. ಆದ್ದರಿಂದ ವಿಟಿಯು ಚೆನ್ನಾಗಿರಬೇಕಾದ್ದು ಬೆಂಗಳೂರಿಗಿಂತ ನಿಮಗೆ ಮುಖ್ಯ.

ಕನ್ನಡದ ಮಾತು. ವಿಟಿಯುವಿನಲ್ಲಿ ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಎಂದು ಸಣ್ಣದೊಂದು ಪಾಠವಿದೆ. ಅದು ಒಳ್ಳೆಯದೇ. 2021ರಲ್ಲಿ ಎಂಜಿನಿಯರಿಂಗನ್ನೇ ಪ್ರಾದೇಶಿಕ ಭಾಷೆಗಳಲ್ಲಿ ಕಲಿಸಲು ದೇಶದ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಒಪ್ಪಿಗೆ ಕೊಟ್ಟಿತು; ಕನ್ನಡದಲ್ಲಿ ಓದುತ್ತೇವೆಂದು ಮುಂದೆ ಬಂದವರು ಬೆರಳೆಣಿಕೆ. ಅದಕ್ಕೆ ಮಕ್ಕಳನ್ನು ಬೈಯಲಾರೆ, ಕೆಲಸ ಕೊಡುವವನು ಕೇಳುವುದು ಯಾವ ಭಾಷೆಯಲ್ಲಿ ಎಂದು ಅವರಿಗೆ ಗೊತ್ತು. ಆದರೆ ತರಗತಿಯ ಒಳಗೆ ನಡೆಯುವುದು ಬೇರೆ. ಬೀಮ್ ಎಂದು ಬೋರ್ಡಿನಲ್ಲಿ ಬರೆದು, ತೊಲೆ ಎಂದು ಬಾಯಲ್ಲಿ ಹೇಳಿ, ನಿಮ್ಮಜ್ಜನ ಮನೆಯ ಅಟ್ಟದಲ್ಲಿ ನಡುವೆ ಬಾಗಿದ ತೊಲೆ ಇದೆಯಲ್ಲ, ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ, ಬಿರುಕು ಕೆಳಗಿನಿಂದಲೇ ಏಳುತ್ತದೆ ಎಂದರೆ ಹಿಂದಿನ ಬೆಂಚಿನವನ ಮುಖವೂ ಅರಳುತ್ತಿತ್ತು. ಪರೀಕ್ಷೆಯಲ್ಲಿ ಅವನು ಅದನ್ನೇ ಮುರುಕು ಇಂಗ್ಲಿಷಿನಲ್ಲಿ ಬರೆದು ಅರ್ಧ ಅಂಕ ಕಳೆದುಕೊಳ್ಳುತ್ತಿದ್ದ.

ಮೌಲ್ಯಮಾಪನಕ್ಕೆ ಮೊದಲೆಲ್ಲ ಕಟ್ಟು ಕಟ್ಟು ಉತ್ತರಪತ್ರಿಕೆ, ಕೆಂಪು ಪೆನ್ನು. ಸಂಜೆಗೆ ತೋರುಬೆರಳು ಕೆಂಪಗಾಗುತ್ತಿತ್ತು. ಆಮೇಲೆ ಡಿಜಿಟಲ್ ಆಯಿತು: ಸ್ಕ್ಯಾನ್ ಮಾಡಿದ ಪುಟ ಪರದೆಯ ಮೇಲೆ ಬರುತ್ತದೆ, ಅಂಕ ಒತ್ತಿದರೆ ಕೂಡುವ ಲೆಕ್ಕ ಯಂತ್ರದ್ದು. ಹಾಗೆ ಒಂದು ಮಧ್ಯಾಹ್ನ ಯಾವನೋ ಹುಡುಗನ, ಅಥವಾ ಹುಡುಗಿಯ, ಪತ್ರಿಕೆ ನೋಡುತ್ತಿದ್ದೆ. ಪುಟಗಟ್ಟಲೆ ಇಂಗ್ಲಿಷು, ಅರ್ಧ ಸರಿ ಅರ್ಧ ತಪ್ಪು. ಕೊನೆಯ ಪುಟದ ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಒಂದೇ ಸಾಲು: "ಸಾರ್, ಇದೊಂದೇ ವಿಷಯ ಬಾಕಿ, ಅಪ್ಪನಿಗೆ ಹೇಳಿಲ್ಲ." ಇಡೀ ಪತ್ರಿಕೆಯಲ್ಲಿ ತಪ್ಪಿಲ್ಲದ ವಾಕ್ಯ ಅದೊಂದೇ. ಅದಕ್ಕೆ ಅಂಕ ಹಾಕುವ ಜಾಗ ಪರದೆಯ ಮೇಲಿರಲಿಲ್ಲ. ಪಾಸಾದನೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ, ಸಂಖ್ಯೆ ಮರೆಮಾಡಿರುತ್ತಾರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಆ ಹಿರಿಯರ ಮಗಳೇ ಎದ್ದು ನಿಂತಳು. "ಸಾರ್, ಓದುತ್ತಿರುವಾಗಲೇ ಸ್ಕೀಮ್ ಬದಲಾದರೆ ನಮ್ಮ ಗತಿ ಏನು?" ಎಂದು ಕೇಳಿದಳು. ಅವಳು ಸೇರುವ ವರ್ಷದ ಸ್ಕೀಮೇ ಕೊನೆಯವರೆಗೆ ಅವಳದು, ನಡುವೆ ಹೊಸದು ಬಂದರೆ ಅದು ಹಿಂದೆ ಬರುವವರಿಗೆ ಎಂದು ಹೇಳಿದೆ. ಬಾಕಿ ಉಳಿದು ವರ್ಷ ಹಿಂದೆ ಬಿದ್ದರೆ ಮಾತ್ರ ಹೊಸಬರ ಸಾಲಿಗೆ ಸೇರಿ ಓದಿಲ್ಲದ ವಿಷಯಗಳನ್ನು ಬರೆಯಬೇಕಾದೀತು ಎಂದೂ ಸೇರಿಸಿದೆ. "ಗಣಿತ ಬಾಕಿ ಉಳಿಸಿಕೊಳ್ಳಬೇಡ ತಾಯಿ, ಉಳಿದದ್ದು ಹೇಗೋ ದಾಟುತ್ತದೆ" ಎಂದೆ. ಯಾವ ವಿಭಾಗ ಎಂದು ಕೇಳಿದ್ದಕ್ಕೆ ಸಿವಿಲ್ ಎಂದಳು. ಅವಳಪ್ಪ ಹಿಂದಿನ ಸಾಲಿನಿಂದ ಕಂಪ್ಯೂಟರ್ ಸೈನ್ಸ್ ಎಂದರು. ಇಬ್ಬರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.